ಪಂಪಿನ ಮುಂದೆ ಕರ್ಪೂರ

ಮೆಟ್ಟೂರು,
೧೩-೧೦-೧೯೯೭, ಸೋಮವಾರ

ಪ್ರೀತಿಯ ಅಪ್ಪಾ,

ಕಣ್ಣಿನ ಕಟ್ಟು ಬಿಚ್ಚಿದರಾ? ನೀರು ಸೋರೋದು ನಿಂತಿತಾ? ಡಾಕ್ಟರು ಹೇಳುವ ತನಕ ತಲೆಗೆ ನೀರು ಹಾಕ್ಕೋಬೇಡ, ಹರೂರಿನ ಬಿಸಿಲಲ್ಲಿ ಅಲೆಯಬೇಡ. ತಂಗಿ ಮಾಲತಿ, ಈ ಕಾಗದವನ್ನ ಅಪ್ಪನಿಗೆ ನಿಧಾನವಾಗಿ ಓದಿ ಹೇಳು. ಮೊದಲೇ ಹೇಳಿಬಿಡ್ತೀನಿ: ತಮ್ಮ ಚಿಕ್ಕಣ್ಣ ಚೆನ್ನಾಗಿದ್ದಾನೆ. ಎಡಗೈ ಸ್ವಲ್ಪ ಸುಟ್ಟಿದೆ, ಅಷ್ಟೆ. ನಿನ್ನೆ ಮೀನಿನ ಸಾರಿಗೆ ಎರಡನೇ ಸಲ ಅನ್ನ ಹಾಕಿಸಿಕೊಂಡ.

ಕಂಪನಿ ಕೊಡ್ತೀನಿ ಅಂದಿದ್ದು: ಮೆತನಾಲ್ ಇಳಿಸುವವರಿಗೆ ಕೈಗವಸು, ಮುಖಕ್ಕೆ ಮಾಸ್ಕು, ಪಂಪು ಸೋರದ ಹಾಗೆ ಹೊಸ ಸೀಲು. ಕೊಟ್ಟಿದ್ದು: ಗೋಡೆಗೆ ಒಂದು ಬೋರ್ಡು. ಇಲ್ಲ ಅಂದಿದ್ದು: ಪಂಪು ಸೋರುತ್ತೆ ಅನ್ನೋದನ್ನೇ. ಯೂನಿಯನ್ನಿನಿಂದ ನಾವು ಹೋಗಿ ಕೇಳಿದಾಗೆಲ್ಲ ಮ್ಯಾನೇಜರ್ ನಾಗರಾಜನ್ 'ಅಡುತ್ತ ಮಾಸಂ ಪಾಕ್ಕಲಾಂಮ್ಮಾ' ಅಂತಾನೆ. ಅವನ ಆ ಮುಂದಿನ ತಿಂಗಳು ಯಾವ ಕ್ಯಾಲೆಂಡರಿನಲ್ಲೂ ಅಚ್ಚಾಗಿಲ್ಲ.

ಶುಕ್ರವಾರ ಆಯುಧಪೂಜೆ. ರಿಟೈರಾದ ಮೇಲೂ ಪಂಪಿಗೆ ಆರತಿ ಎತ್ತೋಕೆ ನಿನ್ನನ್ನೇ ಕರೀತಿದ್ದರಲ್ಲ, ಈ ಸಲ ನೀನಿಲ್ಲ ಅಂತ ಆಪರೇಟರ್ ಪಳನಿಸ್ವಾಮಿ ತಟ್ಟೆ ಹಿಡಿದ. ಪಂಪು ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿದ್ದರು. ಬೆಂಕಿ ತರಬಾರದು ಅಂತ ಬರೆದ ಬೋರ್ಡಿಗೂ ಕುಂಕುಮ ಇಟ್ಟಿದ್ದರು. ಬೀಡಿ ಕಟ್ಟು ಗೇಟಿನಲ್ಲೇ ಬಿಟ್ಟು ಬರುವ ಜನ, ಕರ್ಪೂರವನ್ನ ಮಾತ್ರ ಬೆಂಕಿ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಅದು ಸ್ವಾಮಿದು. ಅರ್ಧ ಇಳಿಸಿದ ಟ್ಯಾಂಕರ್ ಪಕ್ಕದಲ್ಲೇ ನಿಂತಿತ್ತು. ಪೂಜೆಗೆ ಅಂತ ಪಂಪು ನಿಲ್ಲಿಸಿದ್ದರೇ ಹೊರತು ವಾಲ್ವು ಮುಚ್ಚಿರಲಿಲ್ಲ, ಸೋರೋದು ನಡೆದೇ ಇತ್ತು.

ಹಗಲಲ್ಲಿ ಮೆತನಾಲ್ ಹತ್ತಿದರೆ ಉರಿ ಕಾಣಲ್ಲ, ನಿನಗೇ ಗೊತ್ತು. ಪಳನಿಸ್ವಾಮಿ ಕರ್ಪೂರ ಹಚ್ಚಿ ಆರತಿ ಎತ್ತಿದ, ಮ್ಯಾನೇಜರೂ ಸೇರಿ ಎಲ್ಲರೂ ಕೈಮುಗಿದು ನಿಂತಿದ್ದೆವು. ಹಾರದ ಹೂಗಳು ಸುಮ್ಮನೆ ಕಪ್ಪಾಗಿ ಮುದುರಿಕೊಳ್ಳೋದು ಚಿಕ್ಕಣ್ಣನಿಗೆ ಕಾಣ್ತು. 'ಲೇ, ಆರ ಸುಡ್ತಾ ಐತೆ, ಓಗ್ರಲಾ ಆಚೆ' ಅಂತ ಕೂಗಿ ಓಡಿಹೋಗಿ ವಾಲ್ವು ತಿರುಗಿಸಿದ. ಕೈ ಸುಟ್ಟಿದ್ದು ಆಗಲೇ. ನಮ್ಮ ಜೊತೆ ಕೆಲಸದ ಮಂಗಮ್ಮಕ್ಕ ಪಂಪು ತೊಳೆದಿದ್ದ ನೀರಿನ ಪೈಪು ಎಳೆದು ಪಂಪಿಗೂ ಅವನಿಗೂ ಹುಯ್ದಳು. ಕಾಣದ ಬೆಂಕಿ ಆರಿತೋ ಇಲ್ಲವೋ ತಿಳಿಯದೆ ಹುಯ್ತಾನೇ ಇದ್ದಳು. ಟ್ಯಾಂಕರಿಗೆ ತಗುಲಿದ್ದರೆ ಈ ಕಾಗದ ಬರೆಯೋಕೆ ನಾನಿರುತ್ತಿರಲಿಲ್ಲ ಅಪ್ಪಾ. ಎಲ್ಲರೂ ನಡೆದುಕೊಂಡೇ ಮನೆಗೆ ಹೋದೆವು. 'ಅಬ್ಬಕ್ಕೆ ಅಂತ ಉಟ್ಟ ಒಸ ಸೀರೆ, ನೆಂದೋಯ್ತಲ್ಲೇ' ಅಂತ ಮಂಗಮ್ಮಕ್ಕ ಗೇಟಿನಲ್ಲಿ ಕೂತು ಗೊಣಗಿದಳು. ಅದಕ್ಕೆ ಒಬ್ಬರು ನಕ್ಕರು ನೋಡು, ಆಮೇಲೆ ಯಾರಿಗೂ ನಗು ನಿಲ್ಲಿಸೋಕೆ ಆಗಲಿಲ್ಲ.

ಇವತ್ತು ಕಂಪನಿ ನೋಟೀಸು ಅಂಟಿಸಿದೆ: ಬೆಂಕಿಗೆ ಕಾರಣ ಕಾರ್ಮಿಕರ ಪೂಜೆ, ಪಂಪಲ್ಲ. ಪಳನಿಸ್ವಾಮಿ ಇನ್ನೊಂದು ಕಡೆ ನಿನ್ನ ಹೆಸರು ಹಿಡಿದು, 'ನಾರಪ್ಪಣ್ಣ ಅಷ್ಟು ವರ್ಸ ಕರ್ಪೂರ ಅಚ್ಚಿದ್ರು, ಏನಾರ ಆಯ್ತಾ? ನನ್ನ ಕೈ ಸರಿಯಿಲ್ಲ, ಸ್ವಾಮಿಗೆ ಕೋಪ' ಅಂತ ಅಳ್ತಾನೆ. ಇಬ್ಬರಿಗೂ ನನ್ನದು ಒಂದೇ ಉತ್ತರ. ಸ್ವಾಮಿಗೆ ಕೋಪ ಬಂದಿಲ್ಲ, ಸೀಲು ಹರಿದಿದೆ. ಪಂಪಿನ ಮುಂದೆ ಕರ್ಪೂರ ಹಚ್ಚಿದ್ದು ತಪ್ಪು. ಪಂಪು ಸೋರದೇ ಇದ್ದಿದ್ದರೆ ಹತ್ತೋಕೆ ಅಲ್ಲಿ ಏನಿತ್ತು?

ಅಮ್ಮ ದಿನಾ ಸಂಜೆ ಚಿಕ್ಕಣ್ಣನಿಗೆ ದೃಷ್ಟಿ ತೆಗೀತಾಳೆ, ನಮ್ಮ ಮನೆ ಒಲೆ ಮುಂದೆ. ಮಾಲತಿಯ ಮಕ್ಕಳಿಗೆ ನನ್ನ ಮುತ್ತು. ನಿನ್ನ ಕಣ್ಣು ಬೇಗ ತಿಳಿಯಾಗಲಿ.

ನಿನ್ನ ಮಗಳು,
ಭುವನಾ

ಮರೆತಿದ್ದು: ಅಂಚೆ ಡಬ್ಬಿ ತೆಗೆಯುವ ಹೊತ್ತಾಯ್ತು, ಬೇಗ ಹೇಳ್ತೀನಿ. ಡಾಕ್ಟರು ಒಪ್ಪಿದರೆ ನೀನು ಬರಲೇಬೇಕು. ನಾನು ಬಾಯಿ ತೆಗೆದರೆ ಹಳಬರು 'ನಿಮ್ಮಪ್ಪನಿಗಿಂತ ತಿಳಿದವಳಾ' ಅಂತಾರೆ. ಇನ್ನು ಮೇಲೆ ಕರ್ಪೂರ ಗೇಟಿನಾಚೆ ಅಂತ ನೀನೇ ನಿಂತು ಹೇಳು. ಅಷ್ಟು ಹೇಳಿಬಿಟ್ಟರೆ ಕಂಪನಿಗೆ ಆರತಿ ತಟ್ಟೆಯ ಹಿಂದೆ ಅಡಗೋಕೆ ಆಗಲ್ಲ, ಉಳಿಯೋದು ಸೋರುವ ಪಂಪೊಂದೇ. ಮುಂದಿನ ಸೋಮವಾರ ಸರ್ಕಾರದ ಇನ್ಸ್‌ಪೆಕ್ಟರು ಬರ್ತಾರೆ, ಚಿಕ್ಕಣ್ಣನೂ ಅವತ್ತೇ ಕೆಲಸಕ್ಕೆ ಹೋಗೋದು, ಅದೇ ಪಂಪಿಗೆ. ಅದಕ್ಕೆ ಮುಂಚೆ ನಮ್ಮ ಮಾತು ಒಂದಾಗಬೇಕು. ಕೂಟ ಸೇರೋದು ಬರುವ ಭಾನುವಾರ, ಸಾಯಂಕಾಲ ನಾಲ್ಕು ಗಂಟೆಗೆ, ಗೇಟಿನೆದುರು ಹುಣಸೆಮರದ ಕೆಳಗೆ.