ಯಮನೂರನ ಬುಲೆಟ್ಟಿಗೆ ತೆಳುವಾದ ಆಯಿಲ್

ಯಮನೂರಾ,

ನೀನು ಬಿಟ್ಟುಹೋದ ಬುಲೆಟ್ಟಿಗೆ ಆದ ಖರ್ಚು ಇಷ್ಟು: ಬುಲೆಟ್ಟಿನವರದಲ್ಲದ ಬೇರೆ ಕಂಪನಿಯ ಒಂದು ಕ್ಲಚ್ ಸೆಟ್, ಎರಡು ಬಗೆಯ ಆಯಿಲ್, ಹೇಮಗುಡ್ಡದ ಏರಿನಲ್ಲಿ ಹೋದ ನನ್ನ ಗ್ಯಾರೇಜಿನ ಮರ್ಯಾದೆ.

ಇಂಜಿನ್ನಿಗೆ ಹಾಕುವ ಮಂದ ಆಯಿಲ್ಲನ್ನೇ ಕ್ಲಚ್ಚಿಗೂ ಹಾಕಬೇಕೆಂದು ನೀನು ಹಟ ಹಿಡಿಯುತ್ತಿದ್ದೆ, ನಾನು ಬೇಡವೆನ್ನುತ್ತಿದ್ದೆ. ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಎದುರಾಡುವ ಮನಸ್ಸಾಗದೆ, ಹೊಸ ಕ್ಲಚ್ ಪ್ಲೇಟಿಗೂ ಅದನ್ನೇ ಸುರಿದೆ. ಏರಿನಲ್ಲಿ ಪ್ಲೇಟು ಜಾರಿತು. ಇಂಜಿನ್ ಒಂದೇ ಸಮನೆ ಕೂಗಿತು, ಗಾಡಿ ಮುಂದೆ ಹೋಗಲಿಲ್ಲ. ಹಿಂದೆ ಕೂತಿದ್ದ ನಿನ್ನ ಮಗಳು ರೂಪಾ ಇಳಿದು ನೂಕಿದಳು.

"ರೆಹಮಾನ ಕಾಕಾ, ಅಪ್ಪ ಹೇಳಿದ್ದು ಹಳೇ ಪ್ಲೇಟಿಗ್ರಿ. ಇವನ್ನ ಮಾಡಿದವರು ತೆಳ್ಳನ್ನ ಆಯಿಲ್ ಹಾಕ್ರಿ ಅಂತ ಪಾಕೀಟಿನ ಮ್ಯಾಲೆ ಬರದಾರ. ಗಾಡಿ ಓಡ್ಲಿಲ್ಲಂದ್ರ ಅವ್ವ ಗುಜರಿಗೆ ಹಾಕ್ತಾಳ."

"ನಾ ಇರೂತನಕ ಹಾಕಾಕ ಬಿಡಂಗಿಲ್ಲವ್ವಾ. ನೀ ನೂಕು."

ಪ್ಲೇಟುಗಳನ್ನು ಬಿಚ್ಚಿ ತೊಳೆದು, ಮಾಡಿದವರು ಹೇಳಿದ ತೆಳುವಾದ ಆಯಿಲ್ಲನ್ನೇ ಹಾಕಿದೆ. ಇಂದು ರೂಪಾ ಅದೇ ಏರನ್ನು ಒಬ್ಬಳೇ ಹತ್ತಿಸಿದಳು.

ರೂಪಾಗೆ ಕೆಲಸಕ್ಕೆ ಹೋಗಲು ಗಾಡಿ ಸಿಕ್ಕಿತು. ನಿನ್ನ ಹೆಂಡತಿಗೆ ಮಗಳ ಬಸ್ಸು ತಪ್ಪುವ ಚಿಂತೆ ತಪ್ಪಿತು. ಗುಜರಿಯವನಿಗೆ ಏನೂ ಸಿಗಲಿಲ್ಲ. ನಮ್ಮ ವಾದದಲ್ಲಿ ನಾನು ಗೆದ್ದೆ, ಅಲ್ಲವೆನ್ನಲು ನೀನಿಲ್ಲ.