ಅಕ್ಕ ಲೆಕ್ಕಕ್ಕೆ ಬರಲ್ಲ

ಜನವರಿ 22, ಸೋಮವಾರ

ಇವತ್ತೂ ಆಲೂಗಡ್ಡೆ ಹಿಸುಕಿದ್ದೇ ಹಿಸುಕಿದ್ದು. ಇಡೀ ಶಾಲೆಗೆ. ಭುಜ ಸತ್ತುಹೋಗಿದೆ. ಪಾತ್ರೆ ಉಜ್ಜುವಾಗ ಬೆರಿಲ್ ಮತ್ತೆ ಶುರು ಮಾಡಿದಳು. ನಮ್ಮ ಶಾಲೆಯ ಅಡುಗೆಮನೆಗೆ ಅವಳೇ ಹಿರಿಯಳು, ಎಲ್ಲರ ಪೆನ್ಷನ್ನೂ ಅವಳ ನಾಲಿಗೆಯ ತುದಿಯಲ್ಲಿ.

"ನಿನ್ನ ಹಳೇ ಪೆನ್ಷನ್ ದುಡ್ಡನ್ನ ಕೌನ್ಸಿಲ್ ಪೆನ್ಷನ್‌ಗೆ ಸೇರಿಸ್ಕೊಂಡ್ಯಾ, ಗೇನರ್? ಕೆಲಸಕ್ಕೆ ಸೇರಿ ಒಂದು ವರ್ಷದೊಳಗೆ ಕೇಳ್ಬೇಕು ಕಣೇ. ಆಮೇಲೆ ಬಾಯಿ ಬಡ್ಕೊಂಡ್ರೂ ಆಗಲ್ಲ."

ನಾನು ಹೆಂಗಸರ ಸಲೂನ್ ನಡೆಸುತ್ತಿದ್ದಾಗ ತಿಂಗಳು ತಿಂಗಳು ಕಟ್ಟಿದ ದುಡ್ಡು ಅದು. ಈಗ ಖಾಸಗಿ ಕಂಪನಿಯೊಂದರಲ್ಲಿದೆ. ಮಾರ್ಕೆಟ್ ಬಿದ್ದರೆ ಅದೂ ಬೀಳುತ್ತದೆ. ಕೌನ್ಸಿಲ್ಲಿನದು, ಅಂದರೆ ಶಾಲೆ ನಡೆಸುವ ಊರಾಡಳಿತದ್ದು, ಹಾಗಲ್ಲ... ಸಾಯುವವರೆಗೆ ಬರುತ್ತದೆ, ಬೆಲೆ ಏರಿದ ಹಾಗೆ ಏರುತ್ತದೆ. ಅಮ್ಮ ತೊಂಬತ್ತನಾಲ್ಕು ವರ್ಷ ಬದುಕಿದ್ದಳು. ನನಗೂ ಅದೇ ಆಯಸ್ಸು ಬಂದರೆ? ಹಳೇ ದುಡ್ಡು ಅಷ್ಟು ದಿನ ಬಾರದು.

ಜನವರಿ 30, ಮಂಗಳವಾರ

ಊಟದ ಬಿಡುವಿನಲ್ಲಿ ಕಸದ ಡಬ್ಬಿಗಳ ಹಿಂದೆ ನಿಂತು ಪೆನ್ಷನ್ ಆಫೀಸಿಗೆ ಫೋನ್ ಮಾಡಿದೆ. ಮರ್ಯಾದಸ್ಥ ಹುಡುಗ.

"ಮದುವೆ ಆಗಿದೆಯಾ, ಮೇಡಂ?"

"ಇಲ್ಲ."

"ಸಂಗಾತಿ ಯಾರಾದ್ರೂ?"

"ಅಕ್ಕ ಇದ್ದಾಳೆ. ಮೆನ್ನ. ಒಟ್ಟಿಗೇ ಇದ್ದೀವಿ, ಹುಟ್ಟಿದಾಗಿಂದ."

"ಅಕ್ಕ ಲೆಕ್ಕಕ್ಕೆ ಬರಲ್ಲ, ಮೇಡಂ. ನಿಮ್ಮ ನಂತರ ಪೆನ್ಷನ್ ಹೋಗೋದು ಗಂಡನಿಗೆ, ಇಲ್ಲಾ ಗಂಡ-ಹೆಂಡ್ತಿ ಹಾಗೆ ಬಾಳ್ತಿರೋರಿಗೆ."

ಸತ್ತಾಗ ಒಂದೇ ಸಲ ಕೊಡುವ ಗಂಟಿಗೆ ಬೇಕಾದರೆ ಅಕ್ಕನ ಹೆಸರು ಬರೆಯಬಹುದಂತೆ. ರಿಟೈರಾಗಿ ಹತ್ತು ವರ್ಷ ಕಳೆದರೆ ಅದೂ ಇಲ್ಲ. ಒಮ್ಮೆ ಸೇರಿಸಿದ ದುಡ್ಡು ವಾಪಸ್ ಹೋಗುವುದಿಲ್ಲ.

ಹಳೆಯದಕ್ಕೆ ಮೆನ್ನಳ ಹೆಸರು ಹಾಕಿದ್ದೇನೆ. ನಾನು ಸತ್ತರೆ ಉಳಿದದ್ದೆಲ್ಲ ಅವಳಿಗೆ. ಹಾಕಲೇಬೇಕಿತ್ತು... ಸಲೂನಿನಲ್ಲಿ ತಲೆ ತೊಳೆಯುತ್ತಿದ್ದವಳು ಅವಳು. ಶಾಂಪೂ ನೀರಿಗೆ ಕೈ ಬಿರಿದು ರಕ್ತ ಬರುತ್ತಿತ್ತು. ಸಂಬಳ ಕೊಟ್ಟವಳಲ್ಲ ನಾನು. "ಆ ದುಡ್ಡು ನಮ್ಮಿಬ್ಬರದು ತಾನೇ" ಅನ್ನುತ್ತಿದ್ದೆ.

"ಯೋಚಿಸಿ ಹೇಳ್ತೀನಿ" ಅಂದೆ ಆ ಹುಡುಗನಿಗೆ. ಸುಳ್ಳು. ಸೇರಿಸುವುದೆಂದು ಆಗಲೇ ತೀರ್ಮಾನಿಸಿಯಾಗಿತ್ತು. ನನ್ನದು ಅಂತ ಒಂದು ಇರಲಿ ಅಂತ ಆಸೆ. ಥೂ.

ಫೆಬ್ರವರಿ 11, ಭಾನುವಾರ

ದುಡ್ಡು ಸೇರಿಸುವ ಅರ್ಜಿ ಶುಕ್ರವಾರವೇ ಹೋಯಿತು. ಅಂಚೆ ಡಬ್ಬಿಗೆ ಹಾಕಿದವಳು ಮೆನ್ನ. "ಹೇಗೂ ಬ್ರೆಡ್ ತರೋಕೆ ಹೋಗ್ತಿದ್ದೀನಿ, ಕೊಡೇ ಇಲ್ಲಿ" ಅಂದಳು. ಕೊಟ್ಟೆ. ಮಳೆಗೆ ನೆನೆಯದಿರಲಿ ಅಂತ ಕೋಟಿನೊಳಗೆ ಇಟ್ಟುಕೊಂಡು ಹೋದಳು.

ಇವತ್ತು ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಚಹಾ. ಎಮ್ಲಿನ್ ಮೆನ್ನಳ ಹಿಂದೆ ಹಿಂದೆಯೇ ಕೇಕಿನ ತಟ್ಟೆ ಹಿಡಿದು ಓಡಾಡುತ್ತಿದ್ದ. ಕೌನ್ಸಿಲ್ಲಿನ ಕಸದ ಲಾರಿ ಓಡಿಸಿ ರಿಟೈರಾದವನು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ.

"ಮುದುಕಿಯಾದ್ರೆ ನಿನ್ನ ಗತಿ ಏನು, ಮೆನ್ನ?" ಅಂತ ಕೆಣಕಿದ.

"ನಂಗೇನೋ ಚಿಂತೆ? ನಮ್ಮ ಗೇನರ್ ತನ್ನ ಪೆನ್ಷನ್ ದುಡ್ಡಿಗೆ ನನ್ನ ಹೆಸರು ಹಾಕಿದ್ದಾಳೆ. ನೀನು ನಿನ್ನ ಗತಿ ನೋಡ್ಕೋ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಹಾ ಮೂಗಿಗೆ ಹತ್ತಿತು.

ಮಾರ್ಚ್ 6, ಬುಧವಾರ

ಎಮ್ಲಿನ್ ಕೇಳಿಯೇಬಿಟ್ಟಿದ್ದಾನೆ. ಮದುವೆಗೆ. ಬಸ್ ಸ್ಟಾಪಿನಲ್ಲಂತೆ! ಮೆನ್ನ ಈರುಳ್ಳಿ ಹೆಚ್ಚುತ್ತಾ ಹೇಳಿದಳು. ಕಣ್ಣೀರು ಈರುಳ್ಳಿಯದೋ ನಗೆಯದೋ.

"ಅರವತ್ತಮೂರಕ್ಕೆ ಮದುವಣಗಿತ್ತಿ ಆಗ್ಬೇಕಂತೆ ನಾನು! ತನ್ನ ಪೆನ್ಷನ್ ಬೇರೆ ಆಸೆ ತೋರಿಸ್ತಾನೆ. ಅವನು ಹೋದ್ರೆ ಹೆಂಡ್ತಿಗೆ ಅರ್ಧಕ್ಕಿಂತ ಕಮ್ಮಿ, ಆದ್ರೆ ಸಾಯೋವರೆಗೂ ಬರುತ್ತಂತೆ."

"ನೀನೇನಂದೆ?"

"ಈಸ್ಟರ್ ಕಳೀಲಿ ಅಂದೆ. ನಾನು ಹೋದ್ರೆ ನಿನ್ನ ಯಾರೇ ನೋಡ್ಕೋತಾರೆ?"

ಆಮೇಲೆ ತಲೆಗೆ ಬಣ್ಣ ಹಾಕಿಕೊಡು ಅಂದಳು. ಎಷ್ಟೋ ವರ್ಷದ ಮೇಲೆ. ಅವಳ ತಲೆ ನನ್ನ ಕೈಯಲ್ಲಿತ್ತು, ಕಣ್ಣು ಮುಚ್ಚಿಕೊಂಡಿದ್ದಳು. ಒಪ್ಪಿಕೋ, ನನ್ನ ದುಡ್ಡು ನಂಬಬೇಡ — ಇಷ್ಟು ಹೇಳಿದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ ಹೋಗಿಬಿಡುತ್ತಾಳೆ. ಈ ಮನೆಯಲ್ಲಿ ಒಬ್ಬಳೇ... ಆಗುವುದಿಲ್ಲ ನನ್ನಿಂದ.

ಮಾರ್ಚ್ 8, ಶುಕ್ರವಾರ

ಹಳೇ ಪೆನ್ಷನ್ ಕಂಪನಿಯಿಂದ ಫೋನ್. ದುಡ್ಡು ಕಳಿಸೋದು ಖಂಡಿತಾನಾ, ಇನ್ನೂ ನಿಲ್ಲಿಸಬಹುದು ಅಂದರು. ಖಂಡಿತ ಅಂದೆ. ಮೆನ್ನ ಮಹಡಿ ಮೇಲೆ ಹಾಡಿಕೊಳ್ಳುತ್ತಿದ್ದಳು.

ಏಪ್ರಿಲ್ 28, ಭಾನುವಾರ

ಬರೆಯಲು ಮುಖವಿರಲಿಲ್ಲ ಇಷ್ಟು ದಿನ.

ಗುರುವಾರ ಕಾಗದ ಬಂತು. ದುಡ್ಡು ಕೌನ್ಸಿಲ್ ಪೆನ್ಷನ್‌ಗೆ ಸೇರಿತು. ಬೆರಿಲ್ ಅಪ್ಪಿಕೊಂಡು ಶಹಭಾಸ್ ಅಂದಳು.

ಇವತ್ತು ಚರ್ಚಿನ ಮೆಟ್ಟಿಲ ಮೇಲೆ ಮೆನ್ನ ಉತ್ತರ ಕೊಟ್ಟಳು. ನನ್ನ ಎದುರಿಗೇ, ನನ್ನ ತೋಳು ಹಿಡಿದುಕೊಂಡೇ.

"ಬೇಡ ಎಮ್ಲಿನ್. ನೀನು ಒಳ್ಳೇವ್ನು. ಆದ್ರೆ ನಂಗೆ ಇವಳಿದ್ದಾಳೆ. ನನ್ನ ಕೈಬಿಡಲ್ಲ ಇವಳು, ಸತ್ತ ಮೇಲೂ."

ಎಮ್ಲಿನ್ ಟೋಪಿ ತಿರುಗಿಸುತ್ತಾ ನಿಂತ. "ಆಗಲಿ ಬಿಡು. ಮಗ ಕರೀತಾನೇ ಇದ್ದಾನೆ, ಅವನ ಹತ್ರ ಹೋಗ್ತೀನಿ. ಮನೆ ಮಾರೋಕೆ ಹೇಳ್ತೀನಿ ನಾಳೆ." ಆಮೇಲೆ ನನ್ನ ಕಡೆ ತಿರುಗಿ, "ಅದೃಷ್ಟ ಮಾಡಿದ್ದಾಳೆ ನಿಮ್ಮಕ್ಕ" ಅಂದ.

ನಾನು ಹವಾಮಾನದ ಮಾತಾಡಿದೆ. ಗಾಳಿ ಜೋರಾಗಿದೆ ಅಂದೆ.

ಏಪ್ರಿಲ್ 29, ಸೋಮವಾರ. ಬೆಳಿಗ್ಗೆ

ಕೆಲಸಕ್ಕೆ ಹೋಗಲಿಲ್ಲ. ಹೊಟ್ಟೆನೋವು ಅಂದೆ. ಮೆನ್ನ ಬಿಸಿನೀರಿನ ಚೀಲ ತಂದು ಹೊಟ್ಟೆಯ ಮೇಲೆ ಇಟ್ಟುಹೋದಳು.

ಕಿಟಕಿಯಿಂದ ಎಮ್ಲಿನ್ ಮನೆ ಕಾಣುತ್ತದೆ. ಮಾರಾಟದ ಹಲಗೆ ಇನ್ನೂ ನೆಟ್ಟಿಲ್ಲ. ಈಗಲೇ ಹೇಳಿದರೆ... ಮೆನ್ನ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿದರೂ ಸಾಕು, ಸಿಗುತ್ತಾನೆ. ಆಮೇಲೆ ಅವಳು ನನ್ನ ಮುಖ ನೋಡದಿದ್ದರೆ ನೋಡದಿರಲಿ.

ಮೆಟ್ಟಿಲು ಹತ್ತಿ ಬರುತ್ತಿದ್ದಾಳೆ. ಚಹಾ ಲೋಟದ ಸದ್ದು.

"ಗೇನರ್, ಎದ್ದಿದ್ಯಾ? ನಿಂಗಿಷ್ಟ ಅಂತ ಸುಟ್ಟ ಬ್ರೆಡ್ಡಿಗೆ ಬೆಣ್ಣೆ ಜಾಸ್ತಿ ಹಾಕಿದ್ದೀನಿ."

ಬಾಗಿಲು ತೆಗೆದ ತಕ್ಷಣ ಹೇಳುತ್ತೇನೆ. ಲೋಟ ಕೆಳಗಿಡುವ ಮೊದಲೇ. ಮೆನ್ನ, ಆ ದುಡ್ಡು —