ರೀ-ಎಂಟ್ರಿ

ಬ್ಲಾಂಚರ್ಡ್ಸ್‌ಟೌನ್, ಐರ್ಲೆಂಡ್,
೭ ಜೂನ್ ೨೦೨೧

ನಿಖಿತಾಳ ಅಪ್ಪನವರಿಗೆ,

ಅನಸೂಯ ಮಾಡುವ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ. ನೀವು ಕ್ಷೇಮವೆಂಬುದನ್ನು ನಿಮ್ಮ ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳು ದಿನವೂ ತಿಳಿಸುತ್ತಿವೆ. ಫೋನಿರುವಾಗ ಕಾಗದ ಯಾಕೆ ಎನ್ನುತ್ತೀರಿ. ಫೋನಿನಲ್ಲಿ ನಾನು ಅರ್ಧ ಮಾತು ಹೇಳುವಷ್ಟರಲ್ಲಿ ಉಳಿದರ್ಧವನ್ನು ನೀವೇ ಹೇಳಿ ಮುಗಿಸುತ್ತೀರಿ, ಅದೂ ನಿಮಗೆ ಅನುಕೂಲವಾದ ಹಾಗೆ. ಕಾಗದದಲ್ಲಿ ನಡುವೆ ಬಾಯಿ ಹಾಕಲು ಬರುವುದಿಲ್ಲ.

ಮೊನ್ನೆ ನೀವು ಕಳಿಸಿದ್ದನ್ನು ಓದಿದೆ. ಐರ್ಲೆಂಡಿನಿಂದ ಬರುವವರ ಮೇಲಿದ್ದ ನಿಷೇಧವನ್ನು ಸೌದಿಯವರು ತೆಗೆದಿದ್ದಾರೆ, ನಾನು ರಿಯಾದಿಗೆ ನಿಮ್ಮಲ್ಲಿಗೆ ಮರಳಲು ಬೇಕಾದ ರೀ-ಎಂಟ್ರಿ ವೀಸಾ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಮುಂದುವರಿಸುವುದೋ ಬಿಡುವುದೋ ಹೇಳು ಎಂದಿದ್ದೀರಿ. ಜೊತೆಗೆ ಆಮಿಷವೂ ಇದೆ. 'ರಿಯಾದ್ ಗುರುತೇ ಸಿಗಲ್ಲ ಈಗ. ಮನೆ ಹತ್ರಾನೇ ಸಿನಿಮಾ ಬಂದಿದೆ. ಮೈಮೇಲೆ ಆ ಕರಿ ಅಬಾಯಾ ಹಾಕದಿದ್ರೂ ಯಾರೂ ಕೇಳಲ್ಲ. ಬೇಕಾದ್ರೆ ಕಾರು ಕಲಿ, ನಾನು ಒಪ್ಪಿದೀನಿ.'

ಆ ಕೊನೆಯ ಎರಡು ಪದಗಳಲ್ಲೇ ಸಿಕ್ಕಿಕೊಂಡು ಕೂತಿದ್ದೇನೆ.

ಇಷ್ಟು ದಿನ ನನಗೊಂದು ಒಳ್ಳೆಯ ನೆಪವಿತ್ತು. ಮೂರು ತಿಂಗಳಿಗೆಂದು ಮಗಳ ಮನೆಗೆ ಬಂದೆ, ಕೋವಿಡ್ ಬಂದು ಆಕಾಶವೇ ಮುಚ್ಚಿತು. ಎರಡು ಸರ್ಕಾರಗಳ ಮುದ್ರೆ ಬಿದ್ದ ಇಂಥ ನೆಪ ಯಾವ ಹೆಂಗಸಿಗೆ ಸಿಗುತ್ತದೆ ಹೇಳಿ. ಈಗ ದಾರಿ ತೆರೆದಿದೆ, ನನ್ನ ನೆಪ ಮುಗಿದಿದೆ.

ಹಾಗೆಂದು ಇಲ್ಲಿ ಹಾರಾಡಿಕೊಂಡಿದ್ದೇನೆ ಎಂದುಕೊಳ್ಳಬೇಡಿ. ನಿಖಿತಾ ಕೋವಿಡ್ ವಾರ್ಡಿನ ಕೆಲಸ ಮುಗಿಸಿ ಬಂದವಳು ಹಿತ್ತಲಿನ ಶೆಡ್ಡಿನಲ್ಲೇ ಬಟ್ಟೆ ಬದಲಿಸಿ, ನನಗೆ ದೂರದಿಂದ ಕೈ ಬೀಸಿ ಮೇಲೆ ಹೋಗುತ್ತಾಳೆ. ಅಳಿಯ ಸಂಪತ್ ಬೆಳಗಿನಿಂದ ಲ್ಯಾಪ್‌ಟಾಪಿನ ಜೊತೆ ಮಾತಾಡುತ್ತಿರುತ್ತಾನೆ. ಆದರೂ ನಾನು ಚಪ್ಪಲಿ ಮೆಟ್ಟಿದ ಸದ್ದು ಅವನಿಗೆ ಹೇಗೋ ಕೇಳುತ್ತದೆ. 'ಅತ್ತೆ, ಸುಮ್ನೆ ರಿಸ್ಕ್ ಯಾಕೆ? ಏನ್ ಬೇಕು ಹೇಳಿ, ನಾನ್ ತರ್ತೀನಿ. ಮನೇಲಿದ್ರೆ ಗ್ರ್ಯಾಂಡ್ ಆಗಿರ್ತೀರ' ಎಂದು, ಚೆನ್ನಾಗಿ ಎನ್ನುವುದಕ್ಕೆ ಇಲ್ಲಿಯವರ ಹಾಗೆ ಗ್ರ್ಯಾಂಡ್ ಎನ್ನುತ್ತ, ಮೆಟ್ಟಿಲ ಮೇಲಿನಿಂದ ಕೂಗುತ್ತಾನೆ. ಒಳ್ಳೆಯ ಹುಡುಗ. ಕಾವಲು ಕಾಯುವವರಲ್ಲಿ ಒಳ್ಳೆಯವರೇ ಕಷ್ಟ, ಜಗಳಕ್ಕೂ ಸಿಗುವುದಿಲ್ಲ. ಮೊಮ್ಮಗಳು ಕೃತಿ ನನ್ನ ಕೋಟು ಹಿಡಿದು, 'ಅಜ್ಜಿ, ಆರ್ ಯೂ ಅಲೌಡ್?' ಎಂದು ಐರಿಶ್ ರಾಗದಲ್ಲಿ ಕೇಳುತ್ತಾಳೆ. ನಾನು ಕೋಟು ಕಳಚುತ್ತೇನೆ.

ರಿಯಾದ್ ಬದಲಾಗಿದೆ ಎಂದು ನೀವು ನನಗೆ ಹೇಳಬೇಕೆ? ನೀವು ಆಫೀಸಿನ ಏಸಿಯಲ್ಲಿ ಫೈಲು ತಿರುವುತ್ತಿದ್ದಾಗ ಅದು ಬದಲಾಗುವುದನ್ನು ಹೊಲಿಗೆ ಯಂತ್ರದ ಹಿಂದೆ ಕೂತು ನೋಡಿದವಳು ನಾನು. ಡಾಕ್ಟರ ಮುಂದೆ ಆಡದ ಮಾತನ್ನೂ ಹೆಂಗಸರು ಅಳತೆಯ ಟೇಪು ಹಿಡಿದವಳ ಮುಂದೆ ಆಡುತ್ತಾರೆ. ಎಸ್ಸೆಸ್ಸೆಲ್ಸಿ ಫೇಲಾದ ನನಗೆ ಅರಬ್ಬಿ ಬಂದದ್ದು ಹಾಗೆ. ನಾವು ಹೋದ ಹೊಸದರಲ್ಲಿ, ಮಾರುಕಟ್ಟೆಯಲ್ಲಿ ನನ್ನ ತಲೆಯ ಬಟ್ಟೆ ಜಾರಿದ್ದಕ್ಕೆ ಧರ್ಮದ ಪೊಲೀಸಿನವನು ಕೋಲು ಕುಟ್ಟಿ ನಿಮ್ಮನ್ನು ಬೈದದ್ದು ನೆನಪಿದೆಯೇ? ತಪ್ಪು ನನ್ನದು, ಬೈಗುಳ ನಿಮಗೆ. ನಾನು ಯಾರ ಖಾತೆಯಲ್ಲಿದ್ದೇನೆ ಎಂಬುದು ಅವತ್ತೇ ತಿಳಿಯಿತು.

ಆಮೇಲೆ ಏನೇನು ಆಯಿತು. ಈಜಿಪ್ಟಿನ ಡಾಕ್ಟರ ಹೆಂಡತಿ, ಕೈರೋದ ಚೌಕದಲ್ಲಿ ಜನ ಸೇರಿದ್ದನ್ನು ಟೀವಿಯಲ್ಲಿ ನೋಡಿ ಅತ್ತು, ಊರಿಗೆ ಮರಳುವ ದಿನಕ್ಕೆಂದು ಮಗಳಿಗೆ ಫ್ರಾಕು ಹೊಲಿಸಿದಳು. ಅಲ್ಲಿ ಸೈನ್ಯ ಬಂದು ಕೂತ ಮೇಲೆ ಅದೇ ಫ್ರಾಕಿನ ಮಡಿಕೆ ಬಿಚ್ಚಿಸಿ ಉದ್ದ ಮಾಡಿಸಿಕೊಂಡು ಹೋದಳು. ಹೊಲಿಸಲು ಬರುತ್ತಿದ್ದ ಸಿರಿಯಾದವಳೊಬ್ಬಳು ಯುದ್ಧ ಶುರುವಾದ ಮೇಲೆ ತನ್ನ ಊರಿನ ಹೆಸರು ಎತ್ತುವುದನ್ನೇ ಬಿಟ್ಟಳು.

ಸೌದಿಯ ಶಾಲಾ ಟೀಚರ್ ನೂರಾ ಮಾತ್ರ ಗೆದ್ದಳು ಎನ್ನಿಸಿತ್ತು. ಹೆಂಗಸರು ಕಾರು ಓಡಿಸಬಹುದೆಂದು ಆದ ಬೇಸಿಗೆಯಲ್ಲಿ ಅವಳು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದಳು. ನಿಮಗೆ ದಾರ ತರಲು ಹೋಗಿದ್ದೆ ಎಂದಿದ್ದೆ. ಸಿಗ್ನಲ್ಲಿನಲ್ಲಿ ಹುಡುಗರು ಫೋಟೋ ತೆಗೆದರು, ಅವಳು ಕೈ ಬೀಸಿದಳು. ಆಮೇಲೆ ಗಾಜು ಏರಿಸಿ, ಇದನ್ನು ಮೊದಲು ಕೇಳಿದ ಹೆಂಗಸರು ಜೈಲಿನಲ್ಲಿದ್ದಾರೆ ಗೊತ್ತಾ ಎಂದಳು. ಕೊಟ್ಟಾಗ ತೆಗೆದುಕೊಳ್ಳಬೇಕು, ಕೇಳಿದ್ದಕ್ಕೆ ಕೊಟ್ಟರು ಎಂದು ಮಾತ್ರ ಯಾರಿಗೂ ಅನ್ನಿಸಬಾರದು ಎಂದಳು.

ಮರುವರ್ಷ ಇನ್ನೊಂದು ಕಾನೂನು ಬಂತು. ಅಣ್ಣನ ಸಹಿ ಇಲ್ಲದೆ ನೂರಾ ಇಸ್ತಾಂಬುಲ್ ನೋಡಿ ಬಂದಳು. ಇನ್ನು ನಿನಗೂ ಗಂಡನ ಒಪ್ಪಿಗೆ ಬೇಡ ಅಲ್ಲವೇ ಎಂದು ಕೇಳಿದಳು, ಪಾಪ. ಆ ಕಾನೂನು ಅವರ ಹೆಂಗಸರಿಗೆ. ನನ್ನ ವಾಸದ ಪರವಾನಗಿ ನಿಮ್ಮ ಪರವಾನಗಿಯ ಬಾಲ. ನಾನು ಆ ದೇಶ ಬಿಡಬೇಕಾದರೆ ನಿಮ್ಮ ಮೊಬೈಲಿನಲ್ಲಿರುವ ಸರ್ಕಾರದ ಅಬ್ಶರ್ ಆ್ಯಪಿನಲ್ಲಿ ನೀವು ಗುಂಡಿ ಒತ್ತಬೇಕು. ಅಬ್ಶರ್ ಎಂದರೆ ಅಪ್ಪಣೆಯಂತೆ ಆಗಲಿ ಎಂಬ ಅರ್ಥವಂತೆ. ಯಾರ ಅಪ್ಪಣೆ ಎಂದು ಆ್ಯಪಿಗೆ ಚೆನ್ನಾಗಿ ಗೊತ್ತು.

ಮೈಸೂರಿನಲ್ಲಿ ಅಮ್ಮನ ಉಸಿರು ಕಟ್ಟುತ್ತಿದ್ದಾಗ ನಿಮ್ಮ ಬೆರಳು ಆ ಗುಂಡಿಯನ್ನು ಮುಟ್ಟಲಿಲ್ಲ. ನಿಮ್ಮ ಮ್ಯಾನೇಜರು ಊಟಕ್ಕೆ ಬರುವುದಿತ್ತು. 'ಬಿಸಿಬೇಳೆಬಾತ್ ಒಂದು ಮಾಡ್ಕೊಟ್ಬಿಡು, ನಾಳೆ ಒತ್ತುತೀನಿ' ಅಂದಿರಿ. ಅವರು ಎರಡನೇ ಸಲ ಹಾಕಿಸಿಕೊಂಡು ಹೊಗಳಿದರು. ನಾನು ಮೈಸೂರು ಮುಟ್ಟುವಷ್ಟರಲ್ಲಿ ತಂಗಿ ಶಾಂತಾ ಅಸ್ಥಿ ಬಿಟ್ಟು ಬಂದಿದ್ದಳು. 'ಮೊದ್ಲೇ ಹೋಗಿದ್ರೂ ಏನ್ ಮಾಡ್ತಿದ್ದೆ?' ಎಂದು ನೀವು ಕೇಳಿದ್ದು ಸಮಾಧಾನಕ್ಕೇ ಇರಬೇಕು.

ಹೋದ ವಾರ ಇಲ್ಲೊಂದು ತಮಾಷೆ ನಡೆಯಿತು. ಪಕ್ಕದ ಮನೆಯ ಐರಿಶ್ ಮುದುಕಿ ಬ್ರೀಡಾ ಗೋಡೆಯಾಚೆಯಿಂದ ಮಾತಿಗೆಳೆದು, ನಿನ್ನ ಗಂಡ ಎಲ್ಲಿ ಎಂದಳು. ನಿಮ್ಮ ಹೆಸರನ್ನು ನಾನು ಎಂದೂ ಬಾಯಲ್ಲಿ ಆಡಿದವಳಲ್ಲ. ಯಜಮಾನರು ಎಂಬುದನ್ನೇ ಇಂಗ್ಲಿಷಿಗೆ ತಿರುಗಿಸಿ, 'ಮೈ ಓನರ್ ಇನ್ ರಿಯಾದ್. ಹಿ ಗಿವ್ ಪರ್ಮಿಷನ್, ದೆನ್ ಐ ಗೋ' ಎಂದೆ. ಸಂಜೆ ಅವಳು ಬಾಗಿಲಲ್ಲಿ ಒಂದು ಸೋಡಾ ಬ್ರೆಡ್ಡು, ಅದರ ಕೆಳಗೆ ಒಂದು ಫೋನ್ ನಂಬರು ಇಟ್ಟು ಹೋದಳು. ಕಷ್ಟದಲ್ಲಿರುವ ಹೆಂಗಸರ ಸಹಾಯವಾಣಿ. ನಿಖಿತಾ ನಕ್ಕು ನಕ್ಕು ಕುಸಿದಳು. 'ಅಮ್ಮಾ, ನಿನ್ನನ್ನ ಯಾರೋ ಕೊಂಡ್ಕೊಂಡಿದಾರೆ ಅಂತ ತಿಳ್ಕೊಂಡಿದಾರೆ ಅವ್ರು' ಎಂದಳು. ನಾನೂ ನಕ್ಕೆ. ಆಮೇಲೆ ಪಾತ್ರೆ ತೊಳೆಯುತ್ತ, ಆ ಮುದುಕಿ ತಪ್ಪು ತಿಳಿದದ್ದು ಯಾವುದನ್ನು ಎಂದು ಹುಡುಕಿದೆ. ಸಿಗಲಿಲ್ಲ.

ನೀವು ಕೆಟ್ಟವರಲ್ಲ. ಕೈ ಎತ್ತಿದವರಲ್ಲ, ಹೊಟ್ಟೆಗೆ ಕಡಿಮೆ ಮಾಡಿದವರಲ್ಲ. ಕೊಡುವ ಕೈ ನಿಮ್ಮದು, ಕೇಳಿಸಿಕೊಳ್ಳುವ ಕಿವಿ ಮಾತ್ರ ಇಲ್ಲ. ಕಾರು ಕಲಿ ಎಂದಿರಿ. ಎಲ್ಲಿಗೆ ಹೋಗಬೇಕೆಂದಿದ್ದೀಯ ಎಂದು ಕೇಳಲಿಲ್ಲ. ಅವರ ದೇಶ ಬದಲಾಯಿತು, ನಮ್ಮ ಫ್ಲಾಟು ಇದ್ದ ಹಾಗೇ ಇದೆ.

ಆದ್ದರಿಂದ ರೀ-ಎಂಟ್ರಿ ಮುಂದುವರಿಸಬೇಡಿ. ಅವಧಿ ಮುಗಿದರೆ ನನ್ನ ಹೆಸರಿನ ಮುಂದೆ ಅರಬ್ಬಿಯಲ್ಲಿ ಒಂದು ಷರಾ ಬೀಳುತ್ತದೆ: ಹೋದಳು, ಮರಳಲಿಲ್ಲ. ಅದು ಕೆಟ್ಟ ಗುರುತು, ಮತ್ತೆ ಒಳಗೆ ಬಿಡುವುದು ಕಷ್ಟ ಎಂದು ನೂರಾ ಫೋನಿನಲ್ಲಿ ಹೆದರಿಸಿದಳು. ನಾನು ಲೆಕ್ಕ ಹಾಕಿ ನೋಡಿದೆ. ಇಷ್ಟು ವರ್ಷಗಳಲ್ಲಿ ಒಂದು ಸರ್ಕಾರ ನನ್ನ ಬಗ್ಗೆ ಬರೆಯುವ ವಾಕ್ಯಗಳಲ್ಲಿ, ನಾನೇ ಏನನ್ನಾದರೂ ಮಾಡಿದೆ ಎಂದು ಹೇಳುವ ವಾಕ್ಯ ಅದೊಂದೇ.

ಬಿ.ಪಿ. ಮಾತ್ರೆ ಬಿಡಬೇಡಿ. ನೂರಾಳ ಅರ್ಧ ಹೊಲಿದ ಗೌನು ಬೀರುವಿನ ಕೆಳಗಿನ ಅರೆಯಲ್ಲಿದೆ, ಅವಳ ಕೈಗೇ ತಲುಪಿಸಿ. ಹೊಲಿಗೆ ಯಂತ್ರವನ್ನು ಯಾರಿಗಾದರೂ ಕೊಟ್ಟುಬಿಡಿ, ಎಡಗಡೆಯ ಕಾಲು ಸ್ವಲ್ಪ ಅಲ್ಲಾಡುತ್ತದೆ ಎಂದು ಹೇಳಿ ಕೊಡಿ.

ಇಂತಿ, ಇಷ್ಟೆಲ್ಲ ಬರೆದ ಮೇಲೂ ನಿಮ್ಮ ಊಟದ ಚಿಂತೆ ಬಿಡದ,
ಅನಸೂಯ

ವಿ.ಸೂ.: ಇವತ್ತು ಇಲ್ಲಿ ರಜೆ. ಮಧ್ಯಾಹ್ನ ಸಂಪತ್ ಪಕ್ಕದಲ್ಲಿ ಕೂತು ಜುಲೈಗೆ ಬೆಂಗಳೂರಿನ ಟಿಕೆಟ್ ಮಾಡಿಕೊಟ್ಟ. ಮೈಸೂರಿನಲ್ಲಿ ಶಾಂತಾ ತನ್ನ ಮುಂದಿನ ಕೋಣೆಯನ್ನು ಖಾಲಿ ಮಾಡಿಸುತ್ತಿದ್ದಾಳೆ. 'ಮಾವನಿಗೆ ಹೇಳಿದೀರ ತಾನೇ, ಅತ್ತೆ?' ಎಂದು ಅವನು ಕೇಳಿದ. ಹೇಳಿದ್ದೇನೆ ಎಂದೆ. ಈ ಕಾಗದ ನಿಮ್ಮ ಕೈ ಸೇರಿದ ದಿನ ಅದು ನಿಜವಾಗುತ್ತದೆ.